ವಿಜ್ಞಾನ ತಪಸ್ವಿ ಡಾ. ಯಲ್ಲಾಪ್ರಗಡ ಸುಬ್ಬರಾಯರು

ಅನ್ನದಿಂದಲೇ ಪ್ರಾಣವೆಂಬುದು ಲೋಕಾನುಭವ. ಆದರೆ ಉಂಡ ಅನ್ನವು ದೇಹದಲ್ಲಿ ಶಕ್ತಿಯಾಗಿ ಮಾರ್ಪಡುವುದು ಹೇಗೆ, ಹೊಟ್ಟೆ ತುಂಬ ಉಂಡರೂ ಕೆಲವರ ಮೈ ಸೊರಗಿ ರಕ್ತ ಬತ್ತುವುದೇಕೆ ಎಂಬ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಅರಸಿ, ಎರಡರಲ್ಲಿಯೂ ಗಣ್ಯವಾದ ಯಶಸ್ಸು ಪಡೆದ ಮಹನೀಯರು ಡಾ. ಯಲ್ಲಾಪ್ರಗಡ ಸುಬ್ಬರಾಯರು. ಗೋದಾವರಿ ಸೀಮೆಯಲ್ಲಿ ಹುಟ್ಟಿ, ಮದರಾಸಿನಲ್ಲಿ ಓದಿ, ಅಮೆರಿಕದಲ್ಲಿ ದುಡಿದು, ಅಲ್ಲಿಯೇ ದೇಹವಿಟ್ಟ ಇವರ ಹೆಸರು ತಾಯ್ನಾಡಿನಲ್ಲಿ ಬಹುಕಾಲ ಹೆಚ್ಚಿನ ಪ್ರಚಾರಕ್ಕೆ ಬರಲಿಲ್ಲ. ಆದರೆ ಇವರ ಶ್ರಮದ ಫಲವನ್ನು ಅರಿತೋ ಅರಿಯದೆಯೋ ಉಣ್ಣದ ಮನೆ ಇಂದು ವಿರಳ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮಾವರಂ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ಅಲ್ಪ ಸಂಬಳದ ನೌಕರರು, ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳ ಸಂಸಾರದಲ್ಲಿ ಬಡತನ ಸದಾ ಮನೆಯ ಅತಿಥಿಯಾಗಿತ್ತು. ಬಾಲಕ ಸುಬ್ಬರಾಯನಿಗೆ ಓದಿಗಿಂತ ಹಣ ಗಳಿಸುವ ಹಂಬಲವೇ ಮೊದಲು ಹುಟ್ಟಿತು. ಹದಿಮೂರರ ಎಳೆವಯಸ್ಸಿನಲ್ಲಿ, ಕಾಶಿಯ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವೆನೆಂದು ಮನೆಬಿಟ್ಟು ಹೊರಟನೆಂದೂ, ತಾಯಿ ಹುಡುಕಿಸಿ ಹಿಂದಕ್ಕೆ ಕರೆತಂದರೆಂದೂ ಅವರ ಚರಿತ್ರಕಾರರು ಹೇಳುತ್ತಾರೆ.

ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸುಬ್ಬರಾಯರು ಒಮ್ಮೆಯಲ್ಲ, ಎರಡು ಬಾರಿ ಅನುತ್ತೀರ್ಣರಾದರು. ಮನೆಯಲ್ಲಿ ರೋಗರುಜಿನ, ಬಂಧುಗಳ ಅಕಾಲ ಮರಣ, ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಇಂಥ ಸನ್ನಿವೇಶದಲ್ಲಿ ಮಗನ ಓದು ಇಲ್ಲಿಗೆ ಮುಗಿಯಿತೆಂದು ಯಾವ ತಾಯಿಯಾದರೂ ಕೈಬಿಡಬಹುದಾಗಿತ್ತು. ವೆಂಕಮ್ಮನವರು ಹಾಗೆ ಮಾಡಲಿಲ್ಲ. ತಮ್ಮ ಮೈಮೇಲಿನ ಒಡವೆಯನ್ನು ಮಾರಿ ಮಗನನ್ನು ಮತ್ತೆ ಓದಿಗೆ ಕಳುಹಿಸಿದರು. ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ಸುಬ್ಬರಾಯರು ತೇರ್ಗಡೆಯಾದರು. ಎರಡು ಸಲ ಸೋತ ವಿದ್ಯಾರ್ಥಿಯ ಮೇಲೆ ಮೂರನೆಯ ಸಲವೂ ಒಬ್ಬರು ವಿಶ್ವಾಸವಿಟ್ಟದ್ದರಿಂದ ಮುಂದೆ ಲೋಕಕ್ಕೆ ಒದಗಿದ ಲಾಭವನ್ನು ಲೆಕ್ಕ ಹಾಕುವುದು ಕಷ್ಟ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಮನಸ್ಸು ಗಣಿತದ ಕಡೆಗೂ ವೈರಾಗ್ಯದ ಕಡೆಗೂ ಸಮನಾಗಿ ಒಲಿದಿತ್ತು. ಮದರಾಸಿನ ರಾಮಕೃಷ್ಣ ಮಠದ ಸಂಪರ್ಕ ಬೆಳೆದು ಸಂನ್ಯಾಸ ಸ್ವೀಕರಿಸುವ ಇಚ್ಛೆ ಬಲವಾಯಿತು. ತಾಯಿಯ ಅನುಮತಿಯಿಲ್ಲದೆ ಮಠದವರು ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ತಾಯಿ ಅನುಮತಿ ಕೊಡಲಿಲ್ಲ. ಕಾವಿ ತೊಡದೆಯೂ ರೋಗಿಗಳ ಸೇವೆ ಮಾಡಬಹುದೆಂಬ ಸಲಹೆ ಅವರ ಮನಸ್ಸಿಗೆ ಹಿಡಿಯಿತು. ಹೀಗೆ ಸಂನ್ಯಾಸಿಯಾಗಬೇಕಾಗಿದ್ದವರು ಮದರಾಸು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾದರು.

ಖಾದಿ ಉಡುಪು ಮತ್ತು ಕಳೆದುಹೋದ ಪದವಿ

ವೈದ್ಯಶಿಕ್ಷಣದ ವೆಚ್ಚವನ್ನು ಮಿತ್ರರು ಒಂದಿಷ್ಟು ಹೊತ್ತರು. ಕಸ್ತೂರಿ ಸೂರ್ಯನಾರಾಯಣ ಮೂರ್ತಿಗಳೆಂಬ ಉದಾರಿಗಳು ಒಂದಿಷ್ಟು ಹೊತ್ತರು. ಮುಂದೆ 1919ರಲ್ಲಿ ಈ ಮೂರ್ತಿಗಳ ಪುತ್ರಿ ಶೇಷಗಿರಿಯವರೊಡನೆ ಸುಬ್ಬರಾಯರ ವಿವಾಹವಾಯಿತು. ಅದು ಗಾಂಧೀಜಿಯವರ ಕರೆಗೆ ದೇಶವೆಲ್ಲ ಓಗೊಡುತ್ತಿದ್ದ ಕಾಲ. ಸುಬ್ಬರಾಯರು ವಿದೇಶಿ ಬಟ್ಟೆಯನ್ನು ತ್ಯಜಿಸಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರಿಗೆ ರುಚಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರಿಸಿದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯದೆ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ದೊರೆಯಿತು. ಸರ್ಕಾರಿ ವೈದ್ಯಸೇವೆಯ ಬಾಗಿಲೂ ತೆರೆಯಲಿಲ್ಲ.

ಈ ಅವಧಿಯಲ್ಲಿಯೇ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ ದುರಂತವೊಂದು ನಡೆಯಿತು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಒಂದೇ ರೋಗಕ್ಕೆ ತುತ್ತಾದರು. ಪಾಶ್ಚಾತ್ಯ ವೈದ್ಯರು ಸ್ಪ್ರೂ ಎಂದು ಕರೆಯುವ, ನಮ್ಮಲ್ಲಿ ಗ್ರಹಣಿಯ ಹೆಸರಿನಿಂದ ಪರಿಚಿತವಾದ ಬೇನೆಯನ್ನು ಹೋಲುವ ವ್ಯಾಧಿ ಅದು. ಈ ರೋಗದಲ್ಲಿ ಸಣ್ಣಕರುಳು ಆಹಾರದ ಸಾರವನ್ನು ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಭೇದಿ ನಿಲ್ಲದು, ನಾಲಿಗೆ ಹುಣ್ಣಾಗುವುದು, ಮೈ ಬಿಳಿಚಿಕೊಳ್ಳುವುದು. ರೋಗಿಯು ಉಣ್ಣುತ್ತಲೇ ಉಪವಾಸದಿಂದ ಸಾಯುವನು. ಸುಬ್ಬರಾಯರಿಗೂ ಇದೇ ರೋಗ ತಗುಲಿತು. ಪ್ರಸಿದ್ಧ ವೈದ್ಯರಾದ ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಆ ಕೃತಜ್ಞತೆಯಿಂದ ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು. ತನ್ನನ್ನು ಉಳಿಸಿದ ಔಷಧದಲ್ಲಿ ಇದ್ದುದೇನು, ತನ್ನ ಸೋದರರನ್ನು ಕೊಂದ ರೋಗದಲ್ಲಿ ಕೊರತೆಯಾದದ್ದೇನು ಎಂಬ ಚಿಂತೆ ಅವರನ್ನು ಬಿಡಲಿಲ್ಲ.

ಸಾಗರದಾಚೆಗೆ

ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ರಸಾಯನಶಾಸ್ತ್ರದ ಆಳವಾದ ಅಭ್ಯಾಸ ಬೇಕೆಂಬುದು ಅವರಿಗೆ ಮನವರಿಕೆಯಾಯಿತು. ಭಾರತಕ್ಕೆ ಬಂದಿದ್ದ ಅಮೆರಿಕದ ವೈದ್ಯರೊಬ್ಬರ ಭೇಟಿಯು ಆ ದೇಶದತ್ತ ಅವರ ದೃಷ್ಟಿಯನ್ನು ತಿರುಗಿಸಿತು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ ಧರ್ಮಸಂಸ್ಥೆಯು ಸಹಾಯದ ಭರವಸೆ ನೀಡಿತು; ಮಾವನವರು ಉಳಿದ ಹಣವನ್ನು ಹೊಂದಿಸಿದರು. ಹೀಗೆ ದಾನಿಗಳ ನೆರವಿನಿಂದ 1920ರ ದಶಕದ ಆರಂಭದಲ್ಲಿ ಸುಬ್ಬರಾಯರು ಬಾಸ್ಟನ್ ನಗರವನ್ನು ತಲುಪಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ವೈದ್ಯವಿಜ್ಞಾನದ ತರಗತಿಗೆ ಸೇರಿದರು. ಗರ್ಭಿಣಿಯಾದ ಪತ್ನಿಯನ್ನು ತವರಿನಲ್ಲಿ ಬಿಟ್ಟು, ಕೆಲವು ವರ್ಷಗಳಲ್ಲಿ ಹಿಂದಿರುಗುವ ಸಂಕಲ್ಪದಿಂದ ಹೊರಟವರು ಅವರು. ಹುಟ್ಟಿದ ಮಗು ಎಳವೆಯಲ್ಲಿಯೇ ತೀರಿಕೊಂಡಿತು. ತಂದೆ ಮಗನ ಮುಖವನ್ನು ನೋಡಲಿಲ್ಲ. ಸುಬ್ಬರಾಯರು ಮತ್ತೆಂದೂ ಭಾರತಕ್ಕೆ ಮರಳಲಿಲ್ಲ; ಶೇಷಗಿರಿಯವರು ಪತಿಯನ್ನು ಮತ್ತೆ ಕಾಣಲಿಲ್ಲ. ಲೋಕವು ಪಡೆದ ಫಲಕ್ಕೆ ಆ ಸಾಧ್ವಿ ತೆತ್ತ ಬೆಲೆಯನ್ನು ಈ ಜೀವನಚರಿತ್ರೆಯನ್ನು ಓದುವವರು ಮರೆಯಲಾಗದು.

ಭಾರತದ ವೈದ್ಯ ಪದವಿಗೆ ಅಲ್ಲಿ ಮನ್ನಣೆ ಇರಲಿಲ್ಲ. ಹೊಟ್ಟೆಪಾಡಿಗಾಗಿ ಅವರು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದು ಆ ಕೆಲಸದ ಭಾಗವಾಗಿತ್ತು. ಹಗಲಿನಲ್ಲಿ ಪಾಠ, ಇರುಳಿನಲ್ಲಿ ಈ ಸೇವೆ. ಯಾವ ಕೆಲಸವೂ ಹೀನವಲ್ಲವೆಂಬುದನ್ನು ಅವರು ಮಾತಿನಿಂದಲ್ಲ, ಬದುಕಿನಿಂದ ತೋರಿಸಿದರು.

ಸ್ನಾಯುವಿನ ರಹಸ್ಯ

ಡಿಪ್ಲೊಮಾ ಮುಗಿದ ಮೇಲೆ ಸುಬ್ಬರಾಯರು ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯ ಜೊತೆ ಕೆಲಸಕ್ಕೆ ನಿಂತರು. ರಕ್ತ, ಮೂತ್ರ ಮುಂತಾದವುಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯಲು ಸುಲಭವಾದ ವಿಧಾನ ಆಗ ಇರಲಿಲ್ಲ. ದ್ರಾವಣದಲ್ಲಿ ರಂಜಕ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ನೀಲಿ ಬಣ್ಣ ಗಾಢವಾಗುವಂಥ ಒಂದು ವಿಧಾನವನ್ನು ಇವರಿಬ್ಬರೂ ರೂಪಿಸಿ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಹೆಸರಾದ ಇದನ್ನು ಪೀಳಿಗೆಗಳ ವಿದ್ಯಾರ್ಥಿಗಳು ಪ್ರಯೋಗಶಾಲೆಗಳಲ್ಲಿ ಅಭ್ಯಸಿಸುತ್ತ ಬಂದಿದ್ದಾರೆ.

ಈ ವಿಧಾನವನ್ನು ಸ್ನಾಯುವಿನ ಸಾರಕ್ಕೆ ಅನ್ವಯಿಸಿದಾಗ ಒಂದು ವಿಚಿತ್ರ ಕಂಡುಬಂದಿತು. ನೀಲಿ ಬಣ್ಣವು ಎಂದಿನಂತೆ ಕೂಡಲೇ ಏರದೆ ನಿಧಾನವಾಗಿ ಏರತೊಡಗಿತು. ಇತರರು ಇದನ್ನು ಪ್ರಯೋಗದ ದೋಷವೆಂದು ತಳ್ಳಿಹಾಕಬಹುದಾಗಿತ್ತು. ಸುಬ್ಬರಾಯರು ಅದನ್ನೇ ಬೆನ್ನಟ್ಟಿದರು. ಸುಲಭವಾಗಿ ಒಡೆದು ರಂಜಕವನ್ನು ಬಿಟ್ಟುಕೊಡುವ ಒಂದು ಅಸ್ಥಿರ ವಸ್ತುವು ಸ್ನಾಯುವಿನಲ್ಲಿದೆಯೆಂದು 1927ರಲ್ಲಿ ಅವರು ತೋರಿಸಿದರು. ಅದೇ ಫಾಸ್ಫೋಕ್ರಿಯಾಟಿನ್. ಎರಡು ವರ್ಷಗಳ ಅನಂತರ, 1929ರಲ್ಲಿ, ಇನ್ನೂ ಮಹತ್ವದ ಮತ್ತೊಂದು ವಸ್ತುವನ್ನು ಫಿಸ್ಕೆ ಮತ್ತು ಸುಬ್ಬರಾಯರು ಬೇರ್ಪಡಿಸಿದರು. ಅದು ಎ.ಟಿ.ಪಿ. ಎಂದು ಇಂದು ಹೈಸ್ಕೂಲಿನ ಮಕ್ಕಳಿಗೂ ಪರಿಚಿತವಾಗಿರುವ ಅಡಿನೋಸಿನ್ ಟ್ರೈಫಾಸ್ಫೇಟ್. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದಿದ್ದರು.

ಎ.ಟಿ.ಪಿ.ಯನ್ನು ದೇಹದ ಚಲಾವಣೆಯ ನಾಣ್ಯವೆಂದು ಬಣ್ಣಿಸುವುದು ವಾಡಿಕೆ. ಆಹಾರದಿಂದ ದೊರೆತ ಶಕ್ತಿಯನ್ನು ಜೀವಕೋಶವು ನೇರವಾಗಿ ಖರ್ಚು ಮಾಡಲಾರದು. ಮೊದಲು ಅದನ್ನು ಎ.ಟಿ.ಪಿ.ಯಾಗಿ ಬದಲಾಯಿಸಿಕೊಳ್ಳಬೇಕು. ಸ್ನಾಯು ಬಿಗಿಯುವುದಕ್ಕೆ, ನರದಲ್ಲಿ ಸಂದೇಶ ಹರಿಯುವುದಕ್ಕೆ, ಹೊಸ ಜೀವಕೋಶಗಳು ನಿರ್ಮಾಣವಾಗುವುದಕ್ಕೆ ಎಲ್ಲಕ್ಕೂ ಇದೇ ನಾಣ್ಯ ಬೇಕು. ಯಾವ ಕ್ಷಣದಲ್ಲಿಯೂ ದೇಹದಲ್ಲಿರುವ ಎ.ಟಿ.ಪಿ. ಅತ್ಯಲ್ಪ. ಆದರೆ ಅದು ಒಡೆದು ಮತ್ತೆ ಕೂಡುವ ಕ್ರಿಯೆಯು ಎಡೆಬಿಡದೆ ನಡೆಯುವುದರಿಂದ ಒಂದು ದಿನದಲ್ಲಿ ಹತ್ತಾರು ಕಿಲೋಗ್ರಾಂ ಎ.ಟಿ.ಪಿ. ತಯಾರಾಗಿ ಬಳಕೆಯಾಗುತ್ತದೆ. 1930ರಲ್ಲಿ ಸುಬ್ಬರಾಯರಿಗೆ ಹಾರ್ವರ್ಡಿನ ಪಿಎಚ್.ಡಿ. ಪದವಿ ದೊರೆಯಿತು. ಆದರೆ ಇಷ್ಟು ಸಾಧನೆಯ ಮೇಲೆಯೂ ಅವರಿಗೆ ಅಲ್ಲಿ ಸ್ಥಿರವಾದ ಅಧ್ಯಾಪಕ ಸ್ಥಾನ ಲಭಿಸಲಿಲ್ಲ.

ಬಿ ಜೀವಸತ್ವಗಳ ಕಾರ್ಯ

ಆಹಾರವು ಎ.ಟಿ.ಪಿ.ಯಾಗುವ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕಿಣ್ವಗಳು ಕೆಲಸ ಮಾಡುತ್ತವೆ. ಈ ಕಿಣ್ವಗಳಲ್ಲಿ ಹಲವು ತಾವೊಂದೇ ಕೆಲಸ ಮಾಡಲಾರವು. ಅವುಗಳಿಗೆ ಸಹಾಯಕವಾದ ಚಿಕ್ಕ ವಸ್ತುಗಳು ಬೇಕು, ಅವೇ ಸಹಕಿಣ್ವಗಳು. ಬಿ ಗುಂಪಿನ ಎಂಟು ಜೀವಸತ್ವಗಳ ಮುಖ್ಯ ಕಾರ್ಯವೆಂದರೆ ದೇಹದಲ್ಲಿ ಈ ಸಹಕಿಣ್ವಗಳಾಗಿ ಮಾರ್ಪಡುವುದು. ಅವು ತಾವಾಗಿ ಶಕ್ತಿಯನ್ನು ಕೊಡುವುದಿಲ್ಲ. ಒಲೆಯಲ್ಲಿ ಸೌದೆ ತುಂಬಿದ್ದರೂ ಗಾಳಿಯಾಡದಿದ್ದರೆ ಉರಿ ಹತ್ತದಿರುವಂತೆ, ಇವುಗಳಿಲ್ಲದೆ ಹೊಟ್ಟೆಯಲ್ಲಿರುವ ಅನ್ನವು ಶಕ್ತಿಯಾಗಿ ಪರಿಣಮಿಸದು.

ಥಯಮಿನ್ ಎಂಬ ಬಿ1 ಜೀವಸತ್ವವು ಶರ್ಕರಪಿಷ್ಟಗಳ ಉರಿಯುವಿಕೆಗೆ ಅನಿವಾರ್ಯ. ಗಿರಣಿಯಲ್ಲಿ ಪಾಲಿಷ್ ಮಾಡಿದ ಬಿಳಿ ಅಕ್ಕಿಯನ್ನೇ ನೆಚ್ಚಿದ ಜನರಲ್ಲಿ ಇದರ ಕೊರತೆಯಿಂದ ಬೆರಿಬೆರಿ ರೋಗ ಉಂಟಾಗಿ, ಕಾಲುಗಳು ನಿಶ್ಶಕ್ತವಾಗಿ, ಹೃದಯ ಸೋಲುತ್ತಿತ್ತು. ಬಿ2 ಎನಿಸಿದ ರೈಬೋಫ್ಲೇವಿನ್ ಮತ್ತು ಬಿ3 ಎನಿಸಿದ ನಿಯಾಸಿನ್‌ಗಳು ಆಹಾರದಿಂದ ಬಿಡುಗಡೆಯಾದ ಶಕ್ತಿಯನ್ನು ಕೈಯಿಂದ ಕೈಗೆ ದಾಟಿಸುವ ವಾಹಕಗಳಾಗುತ್ತವೆ. ನಿಯಾಸಿನ್ ಕೊರತೆಯಾದರೆ ಚರ್ಮ, ಕರುಳು, ಬುದ್ಧಿ ಮೂರನ್ನೂ ಕೆಡಿಸುವ ಪೆಲಗ್ರ ರೋಗ ಬರುತ್ತದೆ. ಪಾಂಟೊಥೆನಿಕ್ ಆಮ್ಲವು ಪಿಷ್ಟ, ಕೊಬ್ಬು, ಸಸಾರಜನಕಗಳು ಒಂದುಗೂಡುವ ಕವಲುದಾರಿಯಲ್ಲಿ ನಿಂತು ಕೆಲಸ ಮಾಡುತ್ತದೆ. ಬಿ6 ಸಸಾರಜನಕಗಳ ಬದಲಾವಣೆಗೆ, ಬಯೋಟಿನ್ ಕೊಬ್ಬಿನ ನಿರ್ಮಾಣಕ್ಕೆ ಬೇಕು. ಇನ್ನುಳಿದ ಎರಡು, ಅಂದರೆ ಫೋಲಿಕ್ ಆಮ್ಲ ಮತ್ತು ಬಿ12, ಹೊಸ ಜೀವಕೋಶಗಳ ಉತ್ಪತ್ತಿಗೆ ಆಧಾರ. ಇವೆಲ್ಲವೂ ನೀರಿನಲ್ಲಿ ಕರಗುವಂಥವು. ಬಿ12 ಒಂದನ್ನು ಯಕೃತ್ತು ವರ್ಷಗಟ್ಟಲೆ ಕೂಡಿಡಬಲ್ಲದು. ಉಳಿದವುಗಳ ಸಂಗ್ರಹ ಹೆಚ್ಚು ಕಾಲ ಬಾಳದು. ಆದುದರಿಂದ ಇವು ಆಹಾರದಲ್ಲಿ ಮತ್ತೆ ಮತ್ತೆ ಒದಗುತ್ತಿರಬೇಕು.

ಸುಬ್ಬರಾಯರು ಈ ಕ್ಷೇತ್ರಕ್ಕೆ ಬಂದದ್ದು ಯಕೃತ್ತಿನ ಮೂಲಕ. ಮಾರಕ ರಕ್ತಹೀನತೆ ಎಂಬ ರೋಗಕ್ಕೆ ಪ್ರಾಣಿಯ ಯಕೃತ್ತನ್ನು ದಿನವೂ ತಿನ್ನಿಸುವುದೇ ಮದ್ದೆಂದು ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು 1926ರಲ್ಲಿ ತೋರಿಸಿದ್ದರು. ಆ ಯಕೃತ್ತಿನಲ್ಲಿರುವ ಔಷಧಾಂಶ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಸುಬ್ಬರಾಯರಿಗೆ ಈ ರೋಗದ ಲಕ್ಷಣಗಳಲ್ಲಿ ಸೋದರರ ಬೇನೆಯ ನೆರಳು ಕಂಡಿತು. ಎರಡರಲ್ಲಿಯೂ ರಕ್ತಕಣಗಳು ಬಲಿಯದೆ, ಅಸಹಜವಾಗಿ ದೊಡ್ಡದಾಗಿ, ಸಂಖ್ಯೆಯಲ್ಲಿ ಕುಗ್ಗುತ್ತಿದ್ದವು. ಯಕೃತ್ತಿನ ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸುವ ಶ್ರಮಕ್ಕೆ ಅವರು ವರ್ಷಗಳನ್ನೇ ಮುಡಿಪಿಟ್ಟರು. ಇದೇ ಕಾಲದಲ್ಲಿ ಪಾಂಟೊಥೆನಿಕ್ ಆಮ್ಲವು ಇಲಿಗಳ ಪೋಷಣೆಗೆ ಅಗತ್ಯವೆಂಬುದನ್ನು ಜಾರ್ಜ್ ಹಿಚಿಂಗ್ಸ್ ಎಂಬ ಕಿರಿಯ ಸಹೋದ್ಯೋಗಿಯೊಡನೆ 1939ರಲ್ಲಿ ಪ್ರಕಟಿಸಿದರು. ಈ ಹಿಚಿಂಗ್ಸ್ ಅವರಿಗೆ ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಫೋಲಿಕ್ ಆಮ್ಲದ ಶೋಧ

1940ರಲ್ಲಿ ಸುಬ್ಬರಾಯರು ವಿಶ್ವವಿದ್ಯಾನಿಲಯವನ್ನು ಬಿಟ್ಟು, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಶೀಘ್ರದಲ್ಲಿಯೇ ಸಂಶೋಧನ ವಿಭಾಗದ ನಿರ್ದೇಶಕರಾದರು. ಏಕಾಂಗಿಯಾಗಿ ದುಡಿಯುತ್ತಿದ್ದವರ ಕೈಗೆ ಈಗ ದೊಡ್ಡ ತಂಡ, ವಿಪುಲವಾದ ಸಾಧನ ಸಂಪತ್ತು ಒದಗಿತು.

ಫೋಲಿಕ್ ಆಮ್ಲದ ಸುಳಿವು ಮೊದಲು ದೊರೆತದ್ದು ಭಾರತದ ನೆಲದಲ್ಲಿ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರನ್ನು ಬಲಿತೆಗೆದುಕೊಳ್ಳುತ್ತಿದ್ದ ರಕ್ತಹೀನತೆಯನ್ನು ಅಭ್ಯಸಿಸಿದರು. ಅಗ್ಗವಾಗಿ ದೊರೆಯುತ್ತಿದ್ದ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಗರ್ಭಿಣಿಯರು ಚೇತರಿಸಿಕೊಳ್ಳುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಒಂದು ಆಮ್ಲವನ್ನು ಪಡೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಆದರೆ ಸೊಪ್ಪಿನಿಂದಾಗಲಿ ಯಕೃತ್ತಿನಿಂದಾಗಲಿ ದೊರೆಯುತ್ತಿದ್ದ ಪ್ರಮಾಣವು ರೋಗಿಗಳಿಗೆ ಕೊಡುವಷ್ಟಿರಲಿಲ್ಲ. ಅದರ ರಚನೆಯನ್ನು ಅರಿತು, ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದೊಂದೇ ದಾರಿಯಾಗಿತ್ತು. ಸುಬ್ಬರಾಯರ ತಂಡವು 1945ರಲ್ಲಿ ಈ ಕಾರ್ಯವನ್ನು ಸಾಧಿಸಿತು. ಮರುವರ್ಷ ಅದರ ರಚನೆಯನ್ನು ಲೋಕಕ್ಕೆ ತಿಳಿಸಿತು. ಆ ಪ್ರಬಂಧದಲ್ಲಿ ಸುಬ್ಬರಾಯರ ಹೆಸರು ಮೊದಲಿಗಿಲ್ಲ. ಹಲವು ಸಹೋದ್ಯೋಗಿಗಳ ಹೆಸರುಗಳ ನಡುವೆ ಒಂದಾಗಿದೆ.

ಫೋಲಿಕ್ ಆಮ್ಲವು ದೇಹದಲ್ಲಿ ಮಾಡುವ ಕೆಲಸ ಸೂಕ್ಷ್ಮವಾದುದು. ಪ್ರತಿಯೊಂದು ಜೀವಕೋಶವೂ ಎರಡಾಗಿ ಒಡೆಯುವ ಮೊದಲು ತನ್ನ ಡಿ.ಎನ್.ಎ.ಯನ್ನು ಇಮ್ಮಡಿಗೊಳಿಸಬೇಕು. ಅದಕ್ಕೆ ಬೇಕಾದ ಘಟಕಗಳನ್ನು ಕಟ್ಟುವಾಗ ಒಂದೊಂದೇ ಇಂಗಾಲದ ಅಣುವನ್ನು ತಂದು ಜೋಡಿಸುವ ಹೊಣೆ ಈ ಜೀವಸತ್ವದ್ದು. ಎಲುಬಿನೊಳಗಿನ ಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಆದುದರಿಂದ ಫೋಲಿಕ್ ಆಮ್ಲ ಕಡಿಮೆಯಾದೊಡನೆ ಮೊದಲು ಪೆಟ್ಟು ಬೀಳುವುದು ರಕ್ತಕ್ಕೆ. ಬಳಿಕ ಕರುಳಿನ ಒಳಪೊರೆಗೆ, ನಾಲಿಗೆಗೆ. ಅವೂ ವೇಗವಾಗಿ ಹೊಸದಾಗುತ್ತಿರುವ ಅಂಗಾಂಶಗಳೇ. ಸ್ಪ್ರೂ ರೋಗಿಯ ಬಿಳಿಚಿದ ಮೈ, ಹುಣ್ಣಾದ ನಾಲಿಗೆಗಳಿಗೆ ಕಾರಣ ಇಲ್ಲಿತ್ತು. ಟಾಮ್ ಸ್ಪೀಸ್ ಎಂಬ ವೈದ್ಯರು ಕ್ಯೂಬಾ ಮುಂತಾದೆಡೆ ಸ್ಪ್ರೂ ರೋಗಿಗಳಿಗೆ ಹೊಸ ಔಷಧವನ್ನು ಕೊಟ್ಟಾಗ, ರಕ್ತ ತುಂಬಿಕೊಂಡು ಅವರು ಚೇತರಿಸಿಕೊಂಡರು. ಎರಡು ದಶಕಗಳಿಗೂ ಮಿಕ್ಕಿ ಸುಬ್ಬರಾಯರ ಎದೆಯಲ್ಲಿದ್ದ ಪ್ರಶ್ನೆಗೆ ಉತ್ತರ ದೊರೆತಿತ್ತು.

ತಪ್ಪಿದ ಗುರಿ

ಆದರೆ ಅವರು ಬಾಸ್ಟನ್ನಿನಿಂದ ಬೆನ್ನಟ್ಟಿ ಬಂದ ಮಾರಕ ರಕ್ತಹೀನತೆಯ ಔಷಧ ಇದಾಗಿರಲಿಲ್ಲ. ಫೋಲಿಕ್ ಆಮ್ಲವನ್ನು ಆ ರೋಗಿಗಳಿಗೆ ಕೊಟ್ಟಾಗ ರಕ್ತವೇನೋ ಸುಧಾರಿಸಿತು; ನರಗಳ ಹಾನಿ ನಿಲ್ಲಲಿಲ್ಲ. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು ಮುಂದುವರಿಯಿತು. ಅವರಿಗೆ ಬೇಕಾಗಿದ್ದುದು ಯಕೃತ್ತಿನಲ್ಲಿಯೇ ಅಡಗಿದ್ದ ಇನ್ನೊಂದು ವಸ್ತು. 1948ರಲ್ಲಿ ಅಮೆರಿಕದ ಕಾರ್ಲ್ ಫೋಕರ್ಸ್ ತಂಡವೂ ಇಂಗ್ಲೆಂಡಿನ ಲೆಸ್ಟರ್ ಸ್ಮಿತ್ ತಂಡವೂ ಅದನ್ನು ಕೆಂಪು ಹರಳುಗಳ ರೂಪದಲ್ಲಿ ಬೇರ್ಪಡಿಸಿದವು. ಅದೇ ಕೋಬಾಲ್ಟ್ ಲೋಹವನ್ನು ಗರ್ಭದಲ್ಲಿರಿಸಿಕೊಂಡ ಬಿ12 ಜೀವಸತ್ವ.

ಈ ಸೋಲಿನಿಂದಲೂ ವೈದ್ಯಲೋಕ ಒಂದು ಪಾಠ ಕಲಿಯಿತು. ಫೋಲಿಕ್ ಆಮ್ಲ ಮತ್ತು ಬಿ12 ಒಂದನ್ನೊಂದು ಅವಲಂಬಿಸಿವೆ. ಬಿ12 ಇಲ್ಲದಾಗ ದೇಹದಲ್ಲಿರುವ ಫೋಲೇಟ್ ಬಳಕೆಗೆ ಬಾರದ ರೂಪದಲ್ಲಿ ಸಿಕ್ಕಿಬೀಳುತ್ತದೆ. ಆಗ ಫೋಲಿಕ್ ಆಮ್ಲವನ್ನು ಮಾತ್ರ ಕೊಟ್ಟರೆ ರಕ್ತಪರೀಕ್ಷೆ ಸರಿಯೆಂದು ತೋರುತ್ತದೆ. ಒಳಗೆ ನರಗಳು ಸವೆಯುತ್ತಿರುತ್ತವೆ. ಆದಕಾರಣ ಇಂದಿನ ವೈದ್ಯರು ರಕ್ತಕಣಗಳು ದೊಡ್ಡದಾದ ರೋಗಿಯನ್ನು ಕಂಡಾಗ ಎರಡರ ಪ್ರಮಾಣವನ್ನೂ ಪರೀಕ್ಷಿಸುತ್ತಾರೆ. ಸಸ್ಯಾಹಾರಿಗಳಿಗೆ ಈ ವಿಷಯ ವಿಶೇಷವಾಗಿ ಮುಖ್ಯ. ಫೋಲೇಟ್ ಸೊಪ್ಪು, ಕಾಳುಗಳಲ್ಲಿ ಧಾರಾಳವಾಗಿದೆ; ಆದರೆ ಹೆಚ್ಚು ನೀರಿನಲ್ಲಿ ಬಹಳ ಹೊತ್ತು ಬೇಯಿಸಿ ಆ ನೀರನ್ನು ಚೆಲ್ಲಿದರೆ ಬಹುಪಾಲು ನಷ್ಟವಾಗುತ್ತದೆ. ಬಿ12 ಸಸ್ಯಗಳಲ್ಲಿ ಇಲ್ಲ. ಮಾಂಸ, ಮೊಟ್ಟೆ ಸೇವಿಸದವರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಸಹಜ ಮೂಲ. ಮಕ್ಕಳನ್ನು ಸಾಕುವ ಮನೆಗಳೂ ವಿದ್ಯಾರ್ಥಿನಿಲಯಗಳೂ ಇದನ್ನು ಗಮನದಲ್ಲಿಡಬೇಕಾದುದು ಅವಶ್ಯ.

ಜೀವಸತ್ವದಿಂದ ಕ್ಯಾನ್ಸರ್ ಔಷಧಕ್ಕೆ

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್‌ನಿಂದ ನರಳುವ ಮಕ್ಕಳಿಗೆ ಫೋಲಿಕ್ ಆಮ್ಲದ ವರ್ಗದ ವಸ್ತುಗಳನ್ನು ಕೊಟ್ಟು ನೋಡಿದರು. ರೋಗವು ಇಳಿಯುವುದಕ್ಕೆ ಬದಲಾಗಿ ಉಲ್ಬಣಿಸಿದಂತೆ ಕಂಡಿತು. ಫೋಲಿಕ್ ಆಮ್ಲವು ಒಳ್ಳೆಯ ಜೀವಕೋಶಕ್ಕೆ ಹೇಗೋ ಹಾಗೆ ಕ್ಯಾನ್ಸರ್ ಜೀವಕೋಶಕ್ಕೂ ಆಹಾರವೆಂಬುದು ಇದರಿಂದ ಹೊಳೆಯಿತು. ಹಾಗಾದರೆ ಫೋಲಿಕ್ ಆಮ್ಲದಂತೆಯೇ ತೋರುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತುವೊಂದನ್ನು ಕೊಟ್ಟರೆ ಕ್ಯಾನ್ಸರ್ ಜೀವಕೋಶವು ಹಸಿದು ಸಾಯಬೇಕು. ಬೀಗಕ್ಕೆ ಹೊಂದುವಂತಿದ್ದು ತಿರುಗದ ಬೀಗದಕೈಯಂಥ ವಸ್ತು ಅದು. ಸುಬ್ಬರಾಯರ ತಂಡವು ಅಂಥ ವಸ್ತುಗಳನ್ನು ತಯಾರಿಸಿ ಫಾರ್ಬರ್ ಅವರಿಗೆ ಒದಗಿಸಿತು. ಅವುಗಳಲ್ಲಿ ಅಮಿನಾಪ್ಟೆರಿನ್ ಎಂಬುದನ್ನು 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು 1948ರ ಜೂನ್‌ನಲ್ಲಿ ಪ್ರಕಟವಾಯಿತು. ಅದುವರೆಗೆ ಕೆಲವೇ ವಾರ, ತಿಂಗಳುಗಳಲ್ಲಿ ಮರಣವನ್ನು ಕಾಯುವುದೊಂದೇ ಉಳಿದಿದ್ದ ರೋಗದಲ್ಲಿ ಇದು ಮೊದಲ ಆಶಾಕಿರಣ. ಅದೇ ಕುಟುಂಬದ ಮೆಥೊಟ್ರೆಕ್ಸೇಟ್ ಇಂದಿಗೂ ರಕ್ತದ ಕ್ಯಾನ್ಸರ್‌ನಲ್ಲಿ, ಹಾಗೆಯೇ ಅಲ್ಪ ಪ್ರಮಾಣದಲ್ಲಿ ಕೀಲುವಾತದಲ್ಲಿ ಬಳಕೆಯಲ್ಲಿದೆ.

ಇವರ ನಿರ್ದೇಶನದಲ್ಲಿಯೇ ಆನೆಕಾಲು ರೋಗದ ಹುಳುವನ್ನು ಕೊಲ್ಲುವ ಡೈಈಥೈಲ್‌ಕಾರ್ಬಮಜಿನ್ ಎಂಬ ಔಷಧ 1947ರಲ್ಲಿ ಹೊರಬಂದಿತು. ಭಾರತದಲ್ಲಿ 2004ರಿಂದ ನಡೆದ ಸಾಮೂಹಿಕ ಔಷಧ ವಿತರಣೆಯಲ್ಲಿ, ಕರ್ನಾಟಕದ ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳಲ್ಲಿಯೂ, ಮನೆಮನೆಗೆ ತಲುಪಿಸಿದ ಮಾತ್ರೆಗಳಲ್ಲಿ ಇದೂ ಒಂದು. ನಿವೃತ್ತ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಅವರನ್ನು ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಸಂಸ್ಥೆಯಲ್ಲಿ ದುಡಿಸಿಕೊಂಡು, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಎಂಬ ಪ್ರತಿಜೈವಿಕವನ್ನು ಪಡೆದ ಕಾರ್ಯಕ್ಕೂ ಅವರ ಬೆಂಬಲವಿತ್ತು. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಲ್ಲಿ ಇದೇ ಮೊದಲನೆಯದು. 1948ರಲ್ಲಿ ಅದು ಪ್ರಕಟವಾದಾಗ ಮುಂದೆ ಬಂದ ಹೆಸರು ಡಗ್ಗರ್ ಅವರದು; ಸುಬ್ಬರಾಯರದಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ಉಷ್ಣದೇಶಗಳ ಸ್ಪ್ರೂ ರೋಗಕ್ಕೆ ಇಂದು ವೈದ್ಯರು ಕೊಡುವ ಮುಖ್ಯ ಮದ್ದುಗಳು ಎರಡು: ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಬಿ12 ಕೊರತೆಯಿದ್ದರೆ ಅದನ್ನೂ ಸೇರಿಸುತ್ತಾರೆ. ಆ ಎರಡೂ ಮದ್ದುಗಳ ಮೂಲ ಪರ್ಲ್ ರಿವರ್‌ನ ಅದೇ ಪ್ರಯೋಗಶಾಲೆ; ಎರಡರ ಹಿಂದೆಯೂ ಇದ್ದವರು, ಆ ರೋಗಕ್ಕೆ ಇಬ್ಬರು ಒಡಹುಟ್ಟಿದವರನ್ನು ಒಪ್ಪಿಸಿದ್ದ ಸುಬ್ಬರಾಯರು.

ಕೊನೆಯ ದಿನಗಳು

ಸುಬ್ಬರಾಯರ ಬದುಕು ಕೊನೆಯವರೆಗೂ ಸರಳವಾಗಿತ್ತು. ಸಭೆಗಳ ವೇದಿಕೆಯನ್ನು ಅವರು ಬಯಸಲಿಲ್ಲ. ಕೀರ್ತಿಯನ್ನು ಸಹೋದ್ಯೋಗಿಗಳಿಗೆ ಹಂಚಿ ತಾವು ಹಿಂದೆ ನಿಂತರು. 1923ರ ನ್ಯಾಯಾಲಯದ ತೀರ್ಪಿನಿಂದ 1946ರವರೆಗೆ ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ಮುಚ್ಚಿತ್ತು. ಆ ಕಾಲವನ್ನೆಲ್ಲ ಅವರು ಪರಕೀಯರಾಗಿಯೇ ಕಳೆದರು. ಭಾರತ ಸ್ವತಂತ್ರವಾದ ಮರುವರ್ಷ, 1948ರ ಆಗಸ್ಟ್ ತಿಂಗಳಲ್ಲಿ, ಹೃದಯಾಘಾತದಿಂದ ಅವರು ಅಕಸ್ಮಾತ್ತಾಗಿ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಬಿ12 ಜೀವಸತ್ವ ಬೇರ್ಪಟ್ಟದ್ದು, ಫಾರ್ಬರ್ ಅವರ ವರದಿ, ಆರಿಯೊಮೈಸಿನ್ ಪ್ರಕಟಣೆ ಎಲ್ಲವೂ ಅದೇ ವರ್ಷದ ಕೆಲವೇ ತಿಂಗಳುಗಳ ಘಟನೆಗಳು. ಫಲ ಹಣ್ಣಾಗುವ ಹೊತ್ತಿಗೆ ಮರ ಬಿದ್ದಂತಾಯಿತು. ಯಾವ ದೊಡ್ಡ ಪ್ರಶಸ್ತಿಯೂ ಅವರನ್ನು ಅರಸಿ ಬರಲಿಲ್ಲ. ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಎಂದು ಅವರ ಹೆಸರಿಟ್ಟರು. ಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು.

ಉಳಿದು ಬಂದ ಕೊಡುಗೆ

ಅವರ ನಿಜವಾದ ಸ್ಮಾರಕ ಇರುವುದು ಬೇರೆಡೆ. ಗರ್ಭದಲ್ಲಿರುವ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನಾಳವು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳಬೇಕು. ಅದು ಸರಿಯಾಗಿ ಮುಚ್ಚದ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ, ಆ ದೋಷ ಮರುಕಳಿಸುವುದು ಸುಮಾರು 72 ಪ್ರತಿಶತ ತಗ್ಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯ ಅಧ್ಯಯನ 1991ರಲ್ಲಿ ಸಿದ್ಧಪಡಿಸಿತು. ಆದುದರಿಂದಲೇ ಗರ್ಭ ಧರಿಸಲಿಚ್ಛಿಸುವ ಮಹಿಳೆಯರು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂದು ವೈದ್ಯರು ಸಲಹೆ ನೀಡುತ್ತಾರೆ. ಭಾರತ ಸರ್ಕಾರವು 1970ರಲ್ಲಿ ರಕ್ತಹೀನತೆಯ ತಡೆಗಾಗಿ ಕಬ್ಬಿಣದ ಅಂಶದೊಡನೆ ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಂಚತೊಡಗಿತು. ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಅಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ.

ತರಗತಿಯಲ್ಲಿ ಸಾಲಾಗಿ ಕುಳಿತ ಮಕ್ಕಳಿಗೆ ಆ ಮಾತ್ರೆಯನ್ನು ಹಂಚುವ ಉಪಾಧ್ಯಾಯರು, ಅದರ ಹಿಂದೆ ಮೆಟ್ರಿಕ್ಯುಲೇಷನ್ನಿನಲ್ಲಿ ಎರಡು ಬಾರಿ ನಪಾಸಾದ ಒಬ್ಬ ಬಡ ಹುಡುಗನಿದ್ದಾನೆಂಬುದನ್ನು ಮಕ್ಕಳಿಗೆ ತಿಳಿಸಬಹುದು. ಒಡವೆ ಮಾರಿದ ತಾಯಿ, ಓದಿಸಿದ ಮಾವ, ಹಡಗಿನ ಪ್ರಯಾಣಕ್ಕೆ ನೆರವಾದ ಧರ್ಮಸಂಸ್ಥೆ, ಕಾದು ಕುಳಿತ ಪತ್ನಿ ಇವರೆಲ್ಲರೂ ಆ ಪುಟ್ಟ ಮಾತ್ರೆಯಲ್ಲಿ ಪಾಲುದಾರರು. ವಿದ್ಯೆಗಾಗಿ ಕೊಟ್ಟ ದಾನದ ಫಲ ಯಾವ ನೆಲದಲ್ಲಿ, ಯಾವ ಕಾಲದಲ್ಲಿ, ಯಾರ ಮನೆಯ ಮಗುವಿಗೆ ದೊರೆಯುವುದೆಂದು ಕೊಟ್ಟವರಿಗೆ ತಿಳಿಯದು. ಸುಬ್ಬರಾಯರ ಜೀವನ ಇದಕ್ಕೆ ಉಜ್ವಲವಾದ ನಿದರ್ಶನ.